ಸತ್ತ ಎಲೆ ಎತ್ತಬಾರದು

ನಮ್ಮ ಮಾವನವರು ಪುಣೆ ಕ್ಯಾಂಪಿನಲ್ಲಿ ಒಂದು ಹಳೆಯ ಕಟ್ಟಡ ಬಿಟ್ಟುಹೋಗಿದ್ದರು. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿ ತುಂಬ ಕಂಬಳಿ, ಜಮಖಾನ, ಸೊಳ್ಳೆಪರದೆ. ಇವುಗಳ ಜೊತೆಗೆ ಭಾನುವಾರ ಮಧ್ಯಾಹ್ನದ ಇಸ್ಪೀಟಿನ ಶಿಸ್ತನ್ನೂ ಬಿಟ್ಟುಹೋಗಿದ್ದರು. ಕಟ್ಟಡ, ಸರಕು ಗಂಡುಮಕ್ಕಳ ಕೈಗೆ ಹೋದವು. ಇಸ್ಪೀಟಿನ ಶಿಸ್ತು ಮಾತ್ರ ಸೊಸೆಯಾದ ನನ್ನ ಪಾಲಿಗೂ ಬಂತು.

ಮಾವನವರನ್ನು ನಾನು ನೋಡಿಲ್ಲ. ತೊಂಬತ್ತರ ದಶಕದ ಮೊದಲಲ್ಲಿ ವಿಜಾಪುರದಿಂದ ಮದುವೆಯಾಗಿ ಈ ಮನೆಗೆ ಬಂದಾಗ ಅವರು ಆಗಲೇ ಗೋಡೆಯ ಮೇಲೆ ಗಂಧದ ಹಾರ ಹಾಕಿಸಿಕೊಂಡು ಕೂತಿದ್ದರು. ತಮ್ಮ ಕಾಲದಲ್ಲಿ ದಂಡಿನ ಅಧಿಕಾರಿಗಳ ಬಂಗಲೆಗಳಿಗೆ ಜಮಖಾನ ಹೊತ್ತುಕೊಂಡು ಹೋಗಿ ಹಾಸಿ ತೋರಿಸುತ್ತಿದ್ದರಂತೆ. ಅಲ್ಲಿ ವರಾಂಡದಲ್ಲಿ ಕಾಯುತ್ತ ನಿಂತಾಗ ಸಾಹೇಬರು ಪೋಕರ್ ಆಡುವುದನ್ನು ನೋಡಿದರು. ಆಟ ಅವರ ತಲೆಗೆ ಹತ್ತಲಿಲ್ಲ, ಆಡುವ ರೀತಿ ಹತ್ತಿತು. ಸೋತವನು ಮುಖ ಕೆಡಿಸಿಕೊಳ್ಳದೆ ಎಲೆಗಳನ್ನು ಬೋರಲು ಹಾಕಿ ದೂಡುವುದು, ಗೆದ್ದವನು ಒಂದನ್ನೂ ಮುಚ್ಚಿಡದೆ ಎಲ್ಲ ಎಲೆ ತೆರೆದು ತೋರಿಸುವುದು, ದೂಡಿದ ಎಲೆಗಳನ್ನು ಯಾರೂ ಮುಟ್ಟದಿರುವುದು. ಇದನ್ನೆಲ್ಲ ಮನೆಗೆ ತಂದು ನಮ್ಮ ಮೂರೆಲೆಯ ತೀನ್ ಪತ್ತಿಗೆ ಹೊಲಿದುಬಿಟ್ಟರು. ಆಟ ನಮ್ಮದು, ಶಿಸ್ತು ದಂಡಿನದು.

ಆಟದಲ್ಲಿ ದುಡ್ಡು ಇರಲಿಲ್ಲ. ಹುಣಸೆ ಬೀಜ ಇಟ್ಟು ಆಡುತ್ತಿದ್ದೆವು, ಸಂಜೆ ಪಾವಿನಲ್ಲಿ ಅಳೆದು ಯಾರ ರಾಶಿ ದೊಡ್ಡದು ನೋಡುತ್ತಿದ್ದೆವು. ಗೆದ್ದವರಿಗೆ ಸಿಗುತ್ತಿದ್ದುದು 'ವಾರದ ಮಾತು'. ಅಂದರೆ ಆ ವಾರ ಮನೆಯಲ್ಲಿ ಯಾವುದಾದರೂ ಒಂದು ವಿಷಯ ಅವರು ಹೇಳಿದ ಹಾಗೇ ನಡೆಯಬೇಕು, ಬೇರೆಯವರು ತಿರುಗಿ ಮಾತಾಡಬಾರದು. ಇದೂ ಮಾವನವರದೇ ಕಟ್ಟಳೆ. ಬೆಳಗಿನ ನಾಷ್ಟಾಕ್ಕೆ ಪೋಹೆ ಬೇಡ, ಸುಸಲಾ ಬೇಕು ಎನ್ನುವುದರಿಂದ ಹಿಡಿದು ಯಾರ ಮನೆಯ ಮದುವೆಗೆ ಯಾರು ಹೋಗಬೇಕು ಎನ್ನುವವರೆಗೆ ಎಷ್ಟೋ ತೀರ್ಮಾನಗಳು ಆ ಜಮಖಾನದ ಮೇಲೆ ಆಗಿವೆ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಾನೂ ಮೊದಲು ನಕ್ಕೆ.

ಆಡುತ್ತಿದ್ದವರು ನಾಲ್ವರು. ಅತ್ತೆ, ಅವರ ಎಡಕ್ಕೆ ನಾನು, ನನ್ನ ಎಡಕ್ಕೆ ನನ್ನ ಗಂಡ, ಅವರ ಎಡಕ್ಕೆ ಭಾವ. ನಾನು ಬರುವ ಮೊದಲು ನನ್ನ ಜಾಗದಲ್ಲಿ ಭಾವನ ಹೆಂಡತಿ ಕೂರುತ್ತಿದ್ದಳು. ನಾನು ಬಂದ ಮೊದಲ ಭಾನುವಾರವೇ ಅವಳು ಸೆರಗು ಸಿಕ್ಕಿಸಿ, "ನೀ ಬಂದಿ, ನಾ ಉಳದೆ. ಚಾ ಮಾಡ್ತೀನಿ," ಎಂದು ಅಡುಗೆಮನೆ ಸೇರಿದವಳು ಮತ್ತೆ ಜಮಖಾನದ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಆಗ ಪಾಪ, ದುಡಿಯುವ ಜೀವ ಎಂದುಕೊಂಡೆ. ಆಮೇಲೆ ತಿಳಿಯಿತು ಅವಳೆಷ್ಟು ಜಾಣೆ ಎಂದು.

ತೀನ್ ಪತ್ತಿ ಗೊತ್ತಿಲ್ಲದವರಿಗೆ ಒಂದೆರಡು ಮಾತು. ತಲೆಗೆ ಮೂರು ಎಲೆ. ಒಂದೇ ಅಂಕಿಯ ಇಲ್ಲವೇ ಒಂದೇ ಚಿತ್ರದ ಮೂರು ಬಂದರೆ ಅದಕ್ಕಿಂತ ದೊಡ್ಡದಿಲ್ಲ. ಸಾಲಾಗಿ ಬಂದರೆ, ಉದಾಹರಣೆಗೆ ಏಳು ಎಂಟು ಒಂಬತ್ತು, ಅದು ರನ್ನು. ರನ್ನಿಗಿಂತ ಸಣ್ಣದು ಜೋಡಿ. ಸರದಿ ಬಂದಾಗ ಬೀಜ ಇಟ್ಟು ಮುಂದುವರಿಯಬೇಕು, ಇಲ್ಲವೇ 'ಪ್ಯಾಕ್' ಎಂದು ಎಲೆ ಬೋರಲು ದೂಡಿ ಸುಮ್ಮನಾಗಬೇಕು. ಕೊನೆಗೆ ಇಬ್ಬರೇ ಉಳಿದಾಗ ಒಬ್ಬರು 'ಷೋ' ಕೇಳಿದರೆ ಇಬ್ಬರೂ ಎಲ್ಲರ ಮುಂದೆ ಎಲೆ ತೆರೆಯಬೇಕು. ಆದರೆ ಮೂವರೋ ನಾಲ್ವರೋ ಇರುವಾಗ ಇನ್ನೊಂದು ದಾರಿ ಇದೆ, ಸೈಡ್ ಷೋ. ನಿಮ್ಮ ಹಿಂದಿನ ಸರದಿಯವರನ್ನು ಕೇಳಿ, ನೀವಿಬ್ಬರೇ ಎಲೆ ಅದಲು ಬದಲು ನೋಡುವುದು. ಯಾರದು ಸಣ್ಣದೋ ಅವರು ಪ್ಯಾಕ್. ಉಳಿದವರಿಗೆ ಏನೂ ಕಾಣುವುದಿಲ್ಲ.

ಇದರ ಮೇಲೆ ಮಾವನವರ ಶಿಸ್ತು. ಪ್ಯಾಕ್ ಆದ ಎಲೆ ಸತ್ತ ಎಲೆ. ಸತ್ತ ಎಲೆ ಎತ್ತಬಾರದು. ಏನಿತ್ತು ಎಂದು ಕೇಳಬಾರದು, ಏನಿತ್ತು ಎಂದು ಹೇಳಲೂಬಾರದು. ಸೋತವನ ಮರ್ಯಾದೆ ಉಳಿಯಲಿ ಎಂದು ಮಾಡಿದ ನಿಯಮವಂತೆ. ಒಳ್ಳೆಯ ನಿಯಮವೇ. ನನ್ನನ್ನು ಕೂಡಿಹಾಕಿದ್ದು ಅದೇ.

ಮೊದಲ ಭಾನುವಾರ ನನಗೆ ಏಳು ಎಂಟು ಒಂಬತ್ತು ಬಂತು. ಒಳಗೊಳಗೇ ಹಿಗ್ಗಿದೆ. ಹೊಸ ಸೊಸೆ ಮೊದಲ ದಿನವೇ ಗೆದ್ದಳು ಎನ್ನಿಸಿಕೊಳ್ಳುವ ಆಸೆ. ನನ್ನ ಸರದಿ ಮುಗಿದು ಗಂಡನ ಸರದಿ ಬಂತು. ಅವರು ನನ್ನ ಕಡೆ ವಾಲಿ, "ಸೈಡ್ ಷೋ," ಎಂದರು. ತೋರಿಸಿದೆ. ಅವರೂ ತೋರಿಸಿದರು. ಗುಲಾಮನ ಜೋಡಿ. ನನ್ನದು ದೊಡ್ಡದು, ಇನ್ನು ಇವರು ಪ್ಯಾಕ್ ಎನ್ನುತ್ತಾರೆ ಎಂದು ಕಾದೆ. ಅವರು ನಕ್ಕು, ನನ್ನ ಎಲೆಗಳ ಮೇಲೆ ಹೆಬ್ಬೆರಳಿಟ್ಟು, ನಿಧಾನವಾಗಿ ಬೋರಲು ಮಾಡಿ ಸತ್ತ ಎಲೆಗಳ ಗುಂಪಿಗೆ ದೂಡಿದರು. "ಪ್ಯಾಕ್," ಎಂದು ನನ್ನ ಪರವಾಗಿ ಅವರೇ ಹೇಳಿದರು. ಆಟ ಮುಂದುವರಿಯಿತು. ಆ ಜೋಡಿಯಲ್ಲೇ ಅವರು ಗೆದ್ದರು.

ನನ್ನ ದಡ್ಡತನ ನೋಡಿ, ಪುಣೆಯ ಕಡೆ ಜೋಡಿಯೇ ರನ್ನಿಗಿಂತ ದೊಡ್ಡದಿರಬೇಕು ಎಂದುಕೊಂಡೆ. ನೀರು ಬೇರೆ, ಮಾತು ಬೇರೆ, ಇಸ್ಪೀಟೂ ಬೇರೆ ಇದ್ದೀತು. ಸಂಜೆ ಬೀದಿಗೆ ಚಾಚಿದ ಗ್ಯಾಲರಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತ ಅವರನ್ನೇ ಕೇಳಿದೆ. ಅವರಿಗೆ ಮುಜುಗರವೇನೂ ಆಗಲಿಲ್ಲ.

"ಅಣ್ಣನ ಮುಂದ ನಾ ಹೆಂಡ್ತಿ ಕೈಲೆ ಸೋತ್ರ ಚಂದ ಕಾಣತದೇನು?" ಎಂದರು. "ನಿಂದೂ ನಂದೂ ಬ್ಯಾರೆ ಅದ ಏನು? ನಾ ಗೆದ್ರ ನೀ ಗೆದ್ದಂಗ."

ಆ ಮಾತು ಆಗ ಸಿಹಿಯಾಗೇ ಕೇಳಿಸಿತು, ಸುಳ್ಳು ಯಾಕೆ ಹೇಳಲಿ. ಅವರ ಮೇಲೆ ಕನಿಕರವೂ ಇತ್ತು. ಕೆಳಗೆ ಅಂಗಡಿಯಲ್ಲಿ ಭಾವನದೇ ದರ್ಬಾರು. ಯಾವ ಕಂಬಳಿ ತರಿಸಬೇಕು, ಯಾರಿಗೆ ಎಷ್ಟಕ್ಕೆ ಬಿಡಬೇಕು, ಎಲ್ಲ ಅವರ ಬಾಯಿಯಿಂದಲೇ ಬರಬೇಕು. ನಮ್ಮವರು ಗಿರಾಕಿಗಳ ಮುಂದೆ ಜಮಖಾನ ಬಿಚ್ಚಿ ಹಾಸುವವರು, ಮತ್ತೆ ಮಡಚಿ ಇಡುವವರು. ವಾರವೆಲ್ಲ ಅಣ್ಣನ ಮುಂದೆ ಮಡಚಿಕೊಂಡಿದ್ದ ಮನುಷ್ಯ ಭಾನುವಾರ ಒಂದು ದಿನ ಎದೆಯೆತ್ತಿ ಕೂರುತ್ತಿದ್ದರು. ಇರಲಿ ಬಿಡು, ಹುಣಸೆ ಬೀಜ ತಾನೆ ಎಂದುಕೊಂಡೆ.

ವಿಷಯ ಹುಣಸೆ ಬೀಜದ್ದಲ್ಲ ಎಂದು ತಿಳಿಯುವುದಕ್ಕೆ ವರ್ಷಗಳು ಬೇಕಾದವು. ನನಗೆ ಸಣ್ಣ ಎಲೆ ಬಂದಾಗ ನಾನೇ ಪ್ಯಾಕ್ ಆಗುತ್ತಿದ್ದೆ. ದೊಡ್ಡದು ಬಂದಾಗ ಅವರು ಕೇಳುತ್ತಿದ್ದರು. ಕೇಳಿದ ಮೇಲೆ ಅವರ ಹೆಬ್ಬೆರಳು ಬರುತ್ತಿತ್ತು. ಎಷ್ಟೋ ಒಳ್ಳೆಯ ಎಲೆಗಳನ್ನು ನಾನು ಹೀಗೆ ಕಣ್ಣೆದುರೇ ಮಣ್ಣು ಮಾಡಿದ್ದೇನೆ. ಯಾರಿಗೂ ಹೇಳುವಂತಿಲ್ಲ, ಸತ್ತ ಎಲೆಯ ಮಾತು ಎತ್ತಬಾರದು. ಹೇಳಿದರೂ ತೋರಿಸುವಂತಿಲ್ಲ, ಮುಟ್ಟಬಾರದು. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಹಾಗೆ, ನುಂಗಲೂ ಆಗದು ಉಗುಳಲೂ ಆಗದು. ಮತ್ತು ಭಾವ ಪ್ರತಿ ವಾರ ಮೀಸೆಯಡಿ ನಗುತ್ತ, "ನಮ್ಮ ತಂಗೀಗೆ ಎಲಿ ಕೂಡಿ ಬರಂಗೇ ಇಲ್ಲ ನೋಡು," ಎನ್ನುವರು. ಆಗ ಮೈಯೆಲ್ಲ ಉರಿಯುತ್ತಿತ್ತು.

ನಾನೇನೂ ಸುಮ್ಮನೆ ಕೂರುವ ಪೈಕಿ ಅಲ್ಲ. ಸೈಡ್ ಷೋ ಕೇಳಿದರೆ ಒಲ್ಲೆ ಎನ್ನಬಹುದು ಎಂದು ನಿಯಮವಿದೆ. ಒಂದು ಭಾನುವಾರ ಅಂದೆ. "ಒಲ್ಲೆ," ಎಂದು ಎಲೆ ಎದೆಗವಚಿಕೊಂಡೆ. ಭಾವ ಹೋ ಎಂದು ನಕ್ಕು ತಮ್ಮನ ಬೆನ್ನು ತಟ್ಟಿದರು. ಆ ನಗೆಗೆ ನಮ್ಮವರು ನನ್ನ ಜೊತೆ ಮಾತು ಬಿಟ್ಟರು. ನಾನು ಬಡಿಸಿದ ತಾಟು ಮುಂದೆ ಇಟ್ಟುಕೊಂಡು ಗೋಡೆ ನೋಡುವರು. ಆಗಿನ್ನೂ ಚಿಕ್ಕವಳಾಗಿದ್ದ ನನ್ನ ಮಗಳು ಇಬ್ಬರ ಮುಖವನ್ನೂ ನೋಡಿ ನೋಡಿ ಊಟ ಬಿಡತೊಡಗಿದಳು. ಮುಂದಿನ ಭಾನುವಾರ ಅವರು ಕೇಳಿದಾಗ ತೋರಿಸಿದೆ. ಒಲ್ಲೆ ಎನ್ನುವ ಹಕ್ಕು ಪುಸ್ತಕದಲ್ಲಿದ್ದರೆ ಏನು ಬಂತು, ಆಮೇಲೆ ಅದೇ ಮನೆಯಲ್ಲಿ ಇರಬೇಕಲ್ಲ.

ಇನ್ನೊಂದು ಉಪಾಯ ಮಾಡಿದೆ. ಎಲೆ ನೋಡದೆ ಕುರುಡಾಗಿ ಆಡುವವರನ್ನು ಯಾರೂ ಸೈಡ್ ಷೋ ಕೇಳುವಂತಿಲ್ಲ. ಸರಿ, ನೋಡುವುದೇ ಬೇಡ ಎಂದು ಬೋರಲು ಬಿದ್ದ ಎಲೆಗಳ ಮೇಲೆ ಕೈಯಿಟ್ಟುಕೊಂಡೇ ಬೀಜ ಇಡುತ್ತ ಹೋದೆ. ನನ್ನ ಎಲೆ ನನಗೂ ಗೊತ್ತಿಲ್ಲದಿದ್ದರೆ ಮಾತ್ರ ಅದು ನನ್ನದಾಗಿ ಉಳಿಯುತ್ತದೆ, ಎಂಥ ನ್ಯಾಯ! ಕುರುಡಾಟದಲ್ಲಿ ಬೀಜವೆಲ್ಲ ಕಳೆದುಕೊಂಡು ಸಂಜೆ ಖಾಲಿ ಪಾವು ನೋಡುತ್ತ ಕೂತಾಗ ಅತ್ತೆ ಒಮ್ಮೆ ನನ್ನನ್ನೇ ನೋಡಿದರು.

ಅತ್ತೆಯ ಬಗ್ಗೆ ಹೇಳಬೇಕು. ಮಾತು ಕಡಿಮೆ, ನಿಯಮ ಜಾಸ್ತಿ. ಗಂಡ ಹೋದ ಮೇಲೆ ಅವರ ಶಿಸ್ತನ್ನು ದೇವರ ದೀಪದಂತೆ ಕಾದವರು. ಎಲೆ ಹಂಚುವಾಗ ಒಂದು ತಿರುಗಿಬಿದ್ದರೂ ಇಡೀ ಕಟ್ಟು ಕಲೆಸಿ ಮತ್ತೆ ಹಂಚಿಸುವರು. ಅವರ ಮುಖ ನೋಡಿ ಕೈಯಲ್ಲೇನಿದೆ ಎಂದು ಹೇಳಲು ಸಾಧ್ಯವಿರಲಿಲ್ಲ. ನಾನು ಅವರನ್ನು ಒಮ್ಮೆಯೂ ಸೈಡ್ ಷೋ ಕೇಳಿರಲಿಲ್ಲ. ಅತ್ತೆಯ ಎಲೆ ತೋರಿಸಿ ಎನ್ನುವ ಎದೆಗಾರಿಕೆ ಯಾವ ಸೊಸೆಗಿದೆ?

ಹೀಗೇ ಆ ದಶಕ ಕಳೆಯಿತು. ಮೇಲಿನ ಮನೆಯಿಂದ ನಾನು ಇಳಿಯುತ್ತಿದ್ದುದು ಕಾಯಿಪಲ್ಲೆಗೆ, ಮಗಳ ಶಾಲೆಗೆ, ಅರಿಶಿನ ಕುಂಕುಮಕ್ಕೆ. ಮದುವೆಗೆ ಮುಂಚೆ ವಿಜಾಪುರದಲ್ಲಿ ನಾನು ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದೆ. ಆ ವಿಷಯ ಈ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಕೆಲವೊಮ್ಮೆ ನನಗೂ ಇರಲಿಲ್ಲ.

ಆಗ ಪುಣೆಯ ಹೊರಗೆ ಹಿಂಜವಾಡಿಯಲ್ಲಿ ಕಂಪನಿಗಳ ಕಟ್ಟಡಗಳು ಏಳತೊಡಗಿದ್ದವು. ಕಲಬುರ್ಗಿ, ಯಾದಗಿರಿ ಕಡೆಯಿಂದ ಬಂದ ನಮ್ಮ ಜನ ಅಲ್ಲಿ ಗಾರೆ ಹೊರುತ್ತಿದ್ದರು. ಚಳಿ ಬಿದ್ದಾಗ ಅಗ್ಗದ ಕಂಬಳಿಗೆ ನಮ್ಮ ಅಂಗಡಿಗೆ ಬರುವರು. ಒಂದು ಬೆಳಿಗ್ಗೆ ಗ್ಯಾಲರಿಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಕೆಳಗೆ ಒಬ್ಬ ಹೆಂಗಸು ಭಾವನ ಜೊತೆ ಮುರುಕು ಮರಾಠಿಯಲ್ಲಿ ಚೌಕಾಸಿ ಮಾಡುತ್ತಿದ್ದಳು. ಮಾತು ತಡವರಿಸಿದಾಗ, "ಯವ್ವಾ, ಹೆಂಗ ಹೇಳ್ಲಿ ಇವರಿಗೆ," ಎಂದು ತನಗೆ ತಾನೇ ಅಂದಳು. ಭಾವ ಕನ್ನಡದವರೇ, ಆದರೆ ಗಲ್ಲಾ ಪೆಟ್ಟಿಗೆಯ ಮುಂದೆ ಕೂತರೆ ಮರಾಠಿ ಬಿಟ್ಟು ಬೇರೆ ಬಾಯಿ ಇಲ್ಲ, ಚೌಕಾಸಿ ಕಡಿಮೆಯಾಗುತ್ತದಂತೆ.

"ಕನ್ನಡದಾಗ ಹೇಳವಾ, ತಿಳೀತದ ಅವರಿಗೆ!" ಎಂದು ಮೇಲಿನಿಂದ ಕೂಗಿದೆ.

ಅವಳು ಕತ್ತೆತ್ತಿ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. "ಅಕ್ಕಾ, ನಮ್ಮ ಕಡ್ಯಾಕಿ ಏನ್ರಿ ನೀವು?" ಎಂದು ಹಲ್ಲು ಬಿಟ್ಟು ನಕ್ಕಳು. ಹಾಗೇ ಮಾತಾಯಿತು, ನಾನು ಮೇಲೆ, ಅವಳು ಬೀದಿಯಲ್ಲಿ. ಮಕ್ಕಳು ಏನು ಮಾಡುತ್ತವೆ ಎಂದೆ. "ಉಸುಕಿನ್ಯಾಗ ಆಡ್ತಾವ್ರಿ. ಕನ್ನಡದವರೇ ಯಾರೋ ತಗಡಿನ ಸಾಲಿ ಮಾಡಿಕೊಟ್ಟಾರ. ಸಾಲಿ ಅದ, ಕಲಸಾವ್ರು ಇಲ್ಲ," ಎಂದಳು. ಕಂಬಳಿ ತಲೆಯ ಮೇಲಿಟ್ಟುಕೊಂಡು ಹೋದಳು. ನಾನು ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತ ಕೂತೆ.

ಅಂದು ಊಟಕ್ಕೆ ಎಲ್ಲರೂ ಕೂತಾಗ ಹೇಳಿಯೇಬಿಟ್ಟೆ, ನಾನು ಹಿಂಜವಾಡಿಗೆ ಹೋಗಿ ಆ ಮಕ್ಕಳಿಗೆ ಕಲಿಸುತ್ತೇನೆ ಎಂದು. ಭಾವ ತುತ್ತು ಕೈಯಲ್ಲೇ ಹಿಡಿದು, "ಎರಡು ಬಸ್ ಬದಲಿಸಿ? ಗಾರೆಯವರ ಮಕ್ಕಳಿಗೆ?" ಎಂದರು. ನಮ್ಮವರು ನನ್ನ ಕಡೆ ನೋಡದೆ, "ಹುಚ್ಚು ಹಿಡದದ," ಎಂದರು. ಕಡೆಗೆ ಎಲ್ಲರೂ ಅತ್ತೆಯ ಕಡೆ ನೋಡಿದೆವು.

"ಇದು ದೊಡ್ಡ ಮಾತು," ಎಂದರು ಅತ್ತೆ. "ವಾರದ ಮಾತು ಗೆದ್ದು ಕೇಳವಾ. ಗೆದ್ದು ಕೇಳಿದ್ರ ಯಾರೂ ಇಲ್ಲ ಅನ್ನಂಗಿಲ್ಲ."

ನಮ್ಮವರು ಮಜ್ಜಿಗೆ ಲೋಟದೊಳಗೆ ನಕ್ಕರು. ನಾನು ಕಂಡೆ. ನಾನು ಗೆಲ್ಲಲಾರೆ ಎನ್ನುವುದು ಜಗತ್ತಿನಲ್ಲಿ ಅವರಿಗೊಬ್ಬರಿಗೆ ಖಾತ್ರಿಯಾಗಿ ಗೊತ್ತಿತ್ತು. ಅಂದು ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎದ್ದು ಹೋಗೋಣವೆಂದರೆ ಎಲ್ಲಿಗೆ? ತವರಿನಲ್ಲಿ ತಮ್ಮನ ಸಂಸಾರ. ಗ್ಯಾಲರಿಯಲ್ಲಿ ನಿಂತರೆ ಬೀದಿ ತುಂಬ ಜನ, ಎಲ್ಲರೂ ಎಲ್ಲಿಗೋ ಹೋಗುವವರೇ. ನಾನೊಬ್ಬಳು ಮೇಲೆ ನಿಂತು ನೋಡುವವಳು.

ಅಲ್ಲಿಂದ ಎಷ್ಟೋ ಭಾನುವಾರ ಹಲ್ಲು ಕಚ್ಚಿ ಆಡಿದೆ. ಮಕ್ಕಳಿಗೆ ಪರೀಕ್ಷೆ ಇದ್ದಾಗ ತಾಯಂದಿರು ಹರಕೆ ಹೊರುವಂತೆ ಒಳ್ಳೆಯ ಎಲೆಗೆ ಹರಕೆ ಹೊತ್ತೆ. ಎಲೆ ಬರುತ್ತಿತ್ತು ಕೂಡ, ಬಂದದ್ದೆಲ್ಲ ಹೆಬ್ಬೆರಳಿನಡಿ ಹೋಗುತ್ತಿತ್ತು. ಒಮ್ಮೆ ಮೂರು ರಾಣಿ ಬಂದವು. ಅವರು ಕೇಳಿದರು. ನಾನು ತೋರಿಸಿ, ತಲೆ ಎತ್ತಿ ಅವರ ಕಣ್ಣನ್ನೇ ನೋಡಿದೆ. "ಇದೊಂದು ಸಲ ಬಿಡ್ರಿ," ಎಂದು ಬಾಯಿ ಬಿಟ್ಟು ಹೇಳುವಂತಿರಲಿಲ್ಲ, ಕಣ್ಣಲ್ಲೇ ಕೇಳಿದೆ. ಅವರು ಕಣ್ಣು ತಗ್ಗಿಸಿದರು, ಬೆರಳು ಮಾತ್ರ ಬಂತು. ಆ ರಾತ್ರಿ ಅತ್ತುಬಿಟ್ಟೆ. ಮೂರು ರಾಣಿಯರಿಗಾಗಿ ಅಳುವ ಹುಚ್ಚಿ ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಲೂ ಅಳುತ್ತಿದ್ದೆ.

ಆ ಭಾನುವಾರ ಚಳಿ ಇನ್ನೂ ಬಿಟ್ಟಿರಲಿಲ್ಲ. ಮಾಮೂಲಿನಂತೆ ಊಟವಾಯಿತು, ಜಮಖಾನ ಹಾಸಿದೆವು. ಏನಾಶ್ಚರ್ಯವೋ, ನಮ್ಮವರಿಗೆ ಮೊದಲಿನಿಂದ ಹಾಳು ಎಲೆ. ಬೇಗ ಬೇಗ ಪ್ಯಾಕ್ ಆಗುತ್ತಿದ್ದರಿಂದ ನನ್ನನ್ನು ಕೇಳುವ ಪ್ರಸಂಗವೇ ಬರಲಿಲ್ಲ. ಸಂಜೆಯ ಹೊತ್ತಿಗೆ ನನ್ನ ಮುಂದೆ ಒಳ್ಳೆಯ ರಾಶಿಯೇ ಆಗಿತ್ತು, ಅವರು ಇಡದೆ ಉಳಿಸಿಕೊಂಡದ್ದೂ ಅದಕ್ಕಿಂತ ತುಸುವೇ ಕಡಿಮೆ. ಅಡುಗೆಮನೆಯಿಂದ ಚಹಾದ ವಾಸನೆ ಬಂದಾಗ ಅತ್ತೆ, "ಇದು ಕಡೀ ಆಟ," ಎಂದು ಎಲೆ ಹಂಚಿದರು.

ನನಗೆ ಹತ್ತರ ಜೋಡಿ. ಭಾವ ಎಲೆ ನೋಡಿ ಮೂಗು ಮುರಿದು ಆಗಲೇ ಪ್ಯಾಕ್ ಆದರು. ಅತ್ತೆ ಬೀಜ ಇಟ್ಟರು, ನಾನು ಇಟ್ಟೆ, ನಮ್ಮವರು ಇಟ್ಟರು. ಇನ್ನೊಂದು ಸುತ್ತು ಬಂತು. ಅತ್ತೆ ಮುಷ್ಟಿ ತುಂಬ ಇಟ್ಟರು. ನನ್ನ ಸರದಿ. ನಮ್ಮವರು ಆಗಲೇ ನನ್ನ ಕಡೆ ವಾಲತೊಡಗಿದ್ದರು. ನಾನು ಬೀಜ ಇಟ್ಟು ಕೈ ತೆಗೆಯುವುದನ್ನೇ ಕಾಯುತ್ತಿದ್ದರು, ಕೇಳುವುದಕ್ಕೆ. ನನಗೆ ಎಲ್ಲ ಮುಂದೆಯೇ ಕಂಡಿತು. ಈಗ ಕೇಳುತ್ತಾರೆ, ತೋರಿಸುತ್ತೇನೆ, ಬೆರಳು ಬರುತ್ತದೆ, ಭಾವ ನಗುತ್ತಾರೆ, ನಾಳೆ ಮತ್ತೆ ಗ್ಯಾಲರಿ.

ಸೋಲುವುದೇ ಆದರೆ ಈ ಬೆರಳಿಗೆ ಸೋಲಲಾರೆ ಎನ್ನಿಸಿತು. ಸರಿಯಾಗಿ, ನಿಯಮದ ಪ್ರಕಾರ, ನನ್ನದಕ್ಕಿಂತ ದೊಡ್ಡ ಎಲೆಗೆ ಸೋತು ಸಾಯುತ್ತೇನೆ. ಅದು ಜಾಣತನವಲ್ಲ, ಬರೀ ಸಿಟ್ಟು. ಬೀಜ ಇಟ್ಟವಳೇ ಬಲಕ್ಕೆ ತಿರುಗಿದೆ.

"ಅತ್ತಿ, ಸೈಡ್ ಷೋ."

ಭಾವ ಕೆಮ್ಮಿದರು. ನಮ್ಮವರು ನೆಟ್ಟಗೆ ಕೂತರು. ಅತ್ತೆ ಸೆರಗಿನ ಮರೆಯಲ್ಲಿ ತಮ್ಮ ಎಲೆಗಳನ್ನು ನನ್ನೆಡೆ ತಿರುಗಿಸಿದರು.

ಮೂರು ರಾಜ.

ಇದ್ದ ಆಸೆಯೂ ಹೋಯಿತು. ನನ್ನ ಹತ್ತರ ಜೋಡಿ ತೋರಿಸಿ, ಬೋರಲು ಮಾಡಿ ದೂಡಲು ಕೈ ಚಾಚಿದೆ. ಅತ್ತೆಯ ಬೆರಳು ನನ್ನ ಮಣಿಕಟ್ಟಿನ ಮೇಲೆ ಬಂತು. ಒಣಗಿದ, ಉಗುರಿನಲ್ಲಿ ಅರಿಶಿನ ಹಿಡಿದ ಬೆರಳು. ಒಂದಿಷ್ಟು ಒತ್ತಿತು, ಅಷ್ಟೇ. ಮತ್ತೆ ಅವರು ತಮ್ಮ ಮೂರು ರಾಜರನ್ನು ಬೋರಲು ಹಾಕಿ ಸತ್ತ ಎಲೆಗಳೊಳಗೆ ದೂಡಿದರು.

"ನಂದು ಪ್ಯಾಕ್," ಎಂದರು. ಮಗನ ಕಡೆ ತಿರುಗಿ, "ಈಗ ನೀವು ಇಬ್ಬರೇ ಉಳದ್ರಿ. ಇಬ್ಬರಿದ್ದಾಗ ಸೈಡ್ ಷೋ ಇಲ್ಲ. ಆಡ್ತಿದ್ರ ಎಲ್ಲಾರ ಮುಂದ ತೆರೀಬೇಕು," ಎಂದರು.

ನಮ್ಮವರ ಮುಖ ನಾನು ಹಾಗೆ ಎಂದೂ ನೋಡಿರಲಿಲ್ಲ. ನನ್ನ ಕಡೆ ವಾಲಿದ್ದ ಮೈ ಹಾಗೇ ನಿಂತಿತ್ತು. ನನ್ನ ಕೈಯಲ್ಲಿ ಏನಿದೆ ಎಂದು ಗೊತ್ತಿಲ್ಲದೆ ಅವರು ಆಡಬೇಕಾಗಿ ಬಂದದ್ದು ನನ್ನ ಆ ಒಂದು 'ಒಲ್ಲೆ' ಮತ್ತು ಕುರುಡಾಟ ಬಿಟ್ಟರೆ ಮದುವೆಯಾದ ಮೇಲೆ ಅದೇ ಮೊದಲು. ಬೀಜ ಎಣಿಸುವವರಂತೆ ಬೆರಳಾಡಿಸಿದರು. ಅಣ್ಣ ನೋಡುತ್ತಿದ್ದರು, ಎದ್ದು ಹೋಗುವಂತಿರಲಿಲ್ಲ. "ಷೋ," ಎಂದರು. ನಮ್ಮ ಮನೆಯಲ್ಲಿ ಷೋ ಕೇಳಿದವರು ಮೊದಲು ತೆರೆಯಬೇಕು. ತೆರೆದರು. ಆರರ ಜೋಡಿ.

ನಾನು ನನ್ನ ಮೂರೂ ಎಲೆ ಒಂದೊಂದಾಗಿ ಜಮಖಾನದ ಮೇಲೆ ಇಟ್ಟೆ. ಇಷ್ಟು ವರ್ಷಗಳಲ್ಲಿ ನನ್ನ ಎಲೆ ಬೆಳಕು ಕಂಡದ್ದು ಅಪರೂಪ. ಭಾವ ಬಗ್ಗಿ ನೋಡಿ, "ಹತ್ತು ದೊಡ್ಡದು. ತಂಗಿ ಗೆದ್ದಳು ನೋಡಪಾ!" ಎಂದು ಬೀಜವನ್ನೆಲ್ಲ ನನ್ನ ಕಡೆ ದೂಡಿದರು. ಪಾವು ತಂದು ಅಳೆಯುವ ಅಗತ್ಯವೇ ಬರಲಿಲ್ಲ.

ಆಗ ನಮ್ಮವರ ಕೈ ಸತ್ತ ಎಲೆಗಳ ಕಡೆ ಹೋಯಿತು. ಅವ್ವನ ಕೈಯಲ್ಲಿ ಏನಿತ್ತು ಎಂದು ನೋಡಬೇಕಿತ್ತು ಅವರಿಗೆ. ಅನುಮಾನ ಬಂದೇ ಬರುತ್ತದಲ್ಲ, ಆ ವಿದ್ಯೆ ಬಲ್ಲವರಿಗೆ. ಅತ್ತೆ ಪಟ್ಟನೆ ಆ ಕೈಯ ಮೇಲೆ ಹೊಡೆದರು. ಸಣ್ಣ ಮಕ್ಕಳಿಗೆ ಹೊಡೆದ ಹಾಗೆ.

"ಸತ್ತ ಎಲಿ ಎತ್ತಬಾರದಪಾ. ಯಾರ ಮಾತದು?"

ನಮ್ಮವರು ಕೈ ಹಿಂದೆ ತೆಗೆದರು. ಭಾವನೇ ಗೋಡೆಯ ಮೇಲಿನ ಫೋಟೋ ನೋಡಿ, "ಅಪ್ಪಾರ ಮಾತು," ಎಂದರು.

"ಹಂಗಾರ ಸುಮ್ಮನಿರು," ಎಂದು ಅತ್ತೆ ನನ್ನ ಕಡೆ ತಿರುಗಿದರು. "ಏನ್ ಬೇಕವಾ ನಿನಗ? ಕೇಳು."

ಕೇಳಿದೆ. ಹಿಂಜವಾಡಿ ಎಂದೆ. ಯಾರೂ ತಿರುಗಿ ಮಾತಾಡಲಿಲ್ಲ. ನಮ್ಮವರು ಮಾತ್ರ ಎದ್ದು ನಿಂತು, "ವಾರದ ಮಾತು ವಾರಕ್ಕ. ಮುಂದಿನ ಐತವಾರ ಮತ್ತ ನೋಡೂಣು," ಎಂದು ಕೆಳಗಿಳಿದು ಹೋದರು. ಅದೂ ನಿಯಮವೇ. ಪಂಜರದ ಬಾಗಿಲು ತೆಗೆದವರು ಕಾಲಿಗೆ ದಾರ ಕಟ್ಟಿಯೇ ಬಿಟ್ಟಿದ್ದರು.

ಅಡುಗೆಮನೆಯಲ್ಲಿ ಅತ್ತೆ ಒಬ್ಬರೇ ಬೀಜ ಡಬ್ಬಿಗೆ ತುಂಬುತ್ತಿದ್ದರು. ಕಾಲು ಹಿಡಿಯಬೇಕು ಎಂದು ಹೋದವಳು ನಾನು. ಅವರನ್ನು ನೋಡಿದ ಕೂಡಲೇ ಸಿಟ್ಟು ಉಕ್ಕಿ ಬಂತು.

"ಅತ್ತಿ, ನಿಮಗ ಎಲ್ಲಾ ಗೊತ್ತಿತ್ತೇನ್ರಿ? ಮೊದಲಿಂದನೂ?"

ಅವರು ಡಬ್ಬಿಯ ಮುಚ್ಚಳ ತಿರುಗಿಸುತ್ತಲೇ ಇದ್ದರು. "ನಿಮ್ಮ ಮಾವ ಇದ್ದಾಗ ಅವರ ಹಿಂದಿನ ಸರದಿ ನಂದೇ ಇತ್ತವಾ," ಎಂದರು. "ಅವರು ಸಾಯೂತನಕ."

ಗೋಡೆಯ ಮೇಲಿನ ಆ ಶಿಸ್ತಿನ ಮನುಷ್ಯ, ಸಾಹೇಬರ ವರಾಂಡದಿಂದ ಮರ್ಯಾದೆ ಹೊತ್ತು ತಂದವರು! ಮಗ ಯಾರನ್ನು ನೋಡಿ ಕಲಿತ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಆದರೂ ನನ್ನ ಸಿಟ್ಟು ಆರಲಿಲ್ಲ.

"ಗೊತ್ತಿದ್ದೂ ಇಷ್ಟು ವರ್ಷ ಸುಮ್ಮನ ಕೂತ್ರಿ? ನನ್ನ ಪಕ್ಕದಾಗ ಕೂತು?"

"ನೀ ನನ್ನ ಕೇಳಲಿಲ್ಲ," ಎಂದರು. "ಇವತ್ತ ಕೇಳಿದಿ. ನನಗ ಕೇಳಾಕ ಹಿಂದ ಹೆಣ್ಣುಮಕ್ಕಳು ಯಾರೂ ಇದ್ದಿಲ್ಲ ತಂಗಿ."

ಈ ಉತ್ತರವನ್ನು ನಾನು ಇನ್ನೂ ಪೂರ್ತಿ ಕ್ಷಮಿಸಿಲ್ಲ. ಕೇಳದಿದ್ದರೆ ಏನು, ಕಣ್ಣು ಇರಲಿಲ್ಲವೇ? ಹಾಗೆಂದು ಅವರನ್ನು ಬೈಯಲೂ ಆಗುವುದಿಲ್ಲ. ತಮಗೆ ಸಿಕ್ಕ ಮೂರು ರಾಜರನ್ನು ಸೊಸೆಗಾಗಿ ಬೋರಲು ಹಾಕಿದ ಅತ್ತೆ ಎಷ್ಟು ಜನರಿಗೆ ಸಿಗುತ್ತಾರೆ? ಎರಡೂ ಒಟ್ಟಿಗೇ ಇವೆ ನನ್ನೊಳಗೆ, ಸಿಟ್ಟು ಮತ್ತು ಋಣ.

ಸೋಮವಾರ ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಹೋದೆ. ತಗಡಿನ ಶೆಡ್ಡು, ಹೊರಗೆ ಸಿಮೆಂಟಿನ ಧೂಳು, ಒಳಗೆ ಮೂಗು ಸೋರುವ ಮಕ್ಕಳು. ಗೋಡೆಗೆ ಒರಗಿಸಿದ ಹಲಗೆಯ ಮೇಲೆ 'ಅ' ಬರೆದೆ. ಕೈ ಮರೆತಿರಲಿಲ್ಲ. ಆ ವಾರ ದಿನಾ ಹೋದೆ. ಸಂಜೆ ಮನೆಗೆ ಬರುವಾಗ ಕಂಪನಿಯ ಬಸ್ಸುಗಳ ನಡುವೆ ಸಿಕ್ಕಿಕೊಂಡ ನಮ್ಮ ಸಿಟಿ ಬಸ್ಸಿನಲ್ಲಿ ನಿಂತೇ ಬರುತ್ತಿದ್ದೆ, ಅದೂ ಚೆಂದವೇ ಎನ್ನಿಸುತ್ತಿತ್ತು. ಶನಿವಾರದಿಂದ ಮಾತ್ರ ತಲೆಯಲ್ಲಿ ಭಾನುವಾರದ ಎಲೆಗಳೇ. ಸೋಮವಾರ ಬರ್ತೀರೇನ್ರಿ ಎಂದು ಮಕ್ಕಳು ಕೇಳಿದರೆ ನಾನು ನೋಡೋಣ ಎಂದೆ. ಹತ್ತರ ಜೋಡಿ ಪ್ರತಿ ವಾರ ಬರುವುದಿಲ್ಲ.

ಭಾನುವಾರ ಊಟವಾಗಿ ಜಮಖಾನ ಹಾಸಿದೆವು. ನಾನು ನನ್ನ ಜಾಗದಲ್ಲಿ ಕೂರಲು ಹೋದೆ. ಅಲ್ಲಿ ಆಗಲೇ ಅತ್ತೆಯ ಮಣೆ ಇತ್ತು. ಅವರು ಸೆರಗು ಸರಿಮಾಡಿಕೊಂಡು ಅದರ ಮೇಲೆ ಕೂತು, ತಮ್ಮ ಹಳೆಯ ಜಾಗ ತೋರಿಸಿ ನನಗೆ ಹೇಳಿದರು: "ನೀ ಅಲ್ಲಿ ಕೂಡು. ಆ ಕಡೆ ಗಾಳಿ ಬರಂಗಿಲ್ಲ ನನಗ."

ನಾಲ್ಕೂ ಕಿಟಕಿ ತೆರೆದಿದ್ದವು. ಯಾರು ಎಲ್ಲಿ ಕೂರಬೇಕು ಎನ್ನುವುದಕ್ಕೆ ಮಾವನವರು ನಿಯಮ ಮಾಡಿರಲಿಲ್ಲ. ಎಲೆ ಹಂಚಿದರು. ನಾನು ಬೀಜ ಇಟ್ಟೆ. ಅತ್ತೆ ಇಟ್ಟರು. ನಮ್ಮವರು ತಮ್ಮ ಎಲೆ ನೋಡುತ್ತಲೇ, ರೂಢಿಯಂತೆ, ಬಲಕ್ಕೆ ವಾಲಿ, "ಸೈಡ್ ಷೋ," ಎಂದರು.

ತಲೆ ಎತ್ತಿದರೆ ಪಕ್ಕದಲ್ಲಿ ಅವ್ವ.

"ಹೂಂ," ಎಂದರು ಅತ್ತೆ, ತಮ್ಮ ಎಲೆಗಳನ್ನು ಮಗನ ಮುಂದೆ ಹಿಡಿದು. "ನಿಂದೂ ತೋರಿಸು. ನೋಡೂಣು."

ಅವರು ಎಲೆ ನೋಡಿದರು, ತಾಯಿಯ ಮುಖ ನೋಡಿದರು. ಹೆಬ್ಬೆರಳು ಎಲ್ಲಿಗೂ ಹೋಗಲಿಲ್ಲ. ತಮ್ಮ ಮೂರು ಎಲೆ ಬೋರಲು ಹಾಕಿ, ತಾವೇ ದೂಡಿದರು. ಸಂಜೆ ವಾರದ ಮಾತು ಮತ್ತೆ ನನ್ನದಾಯಿತು, ಸೋಮವಾರ ನಾನು ಮೊದಲ ಬಸ್ಸಿಗೇ ಹೋದೆ.